ಕ್ಲಾಂಪಿನಡಿಯ ತಂತಿ

ಪಂಪಣ್ಣನ ಹುಟ್ಟೂರು ಆಂಧ್ರ ಗಡಿಯ ಸಿ. ಬೆಳಗಲ್, ಸಂಸಾರ ಆದೋನಿಯಲ್ಲಿ. ರಸ್ತೆ ಕೆಲಸವಿರಲಿ, ಕಲ್ಲುಗಣಿಯಿರಲಿ, ದೊಡ್ಡ ಯಂತ್ರ ನಿಂತಿತೆಂದರೆ ಸುತ್ತಿನ ಜನ ಅವನಿಗೇ ಫೋನ್ ಮಾಡುತ್ತಾರೆ. ಈಗಿನ ಎಂಜಿನ್ನುಗಳಿಗೆ ಮೈತುಂಬ ಸೆನ್ಸರ್‌ಗಳು. ಬಿಸಿ ಎಷ್ಟು, ಆಯಿಲ್ ಒತ್ತಡ ಎಷ್ಟು, ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಅವು ಒಳಗಿನ ಕಂಪ್ಯೂಟರಿಗೆ ಹೇಳುತ್ತಲೇ ಇರಬೇಕು. ಅವುಗಳಲ್ಲೊಂದು ಸುಮ್ಮನಾದರೂ ಆನೆಯಂಥ ಯಂತ್ರ ನಿಂತಲ್ಲೇ ನಿಂತುಬಿಡುತ್ತದೆ. ಸುಮ್ಮನಾದದ್ದು ಯಾವುದು, ಯಾಕೆ ಎಂದು ಹುಡುಕುವುದು ಪಂಪಣ್ಣನ ಕಸುಬು.

ಎಕ್ಸ್‌ಕವೇಟರ್ ಓಡಿಸುವ ಗೋವಿಂದ ಅವನ ಓರಗೆಯವನು. ಒಂದೇ ಓಣಿಯಲ್ಲಿ ಬೆಳೆದು, ಒಟ್ಟಿಗೇ ಶಾಲೆ ಬಿಟ್ಟವರು. ಗೋವಿಂದನ ಹೆಂಡತಿ ಉಚ್ಚಮ್ಮ ಗಂಡನ ಯಂತ್ರ ಹೋದಲ್ಲೆಲ್ಲ ಕೂಲಿಗೆ ಹೋಗುತ್ತಿದ್ದಳು. ಅವನು ಅಗೆದ ಕಾಲುವೆಗೆ ಇಳಿದು ತಳ ಸಮ ಮಾಡಿ, ಪೈಪಿನಡಿ ಮರಳು ಹಾಸುವುದು ಅವಳ ಪಾಲಿನ ಕೆಲಸ.

"ಇವ ಹರವಿದ್ದು ನಾ ಬಾಚಬೇಕು. ಮನ್ಯಾಗೂ ಅದ, ಇಲ್ಲೂ ಅದ" ಎಂದು ನಗುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ನಾಗಲದಿನ್ನೆಯಲ್ಲಿ ತುಂಗಭದ್ರೆಯಿಂದ ಹೊಲಗಳಿಗೆ ನೀರೆತ್ತುವ ಪೈಪಿನ ಕೆಲಸ ನಡೆದಿತ್ತು. ಗೋವಿಂದನ ಯಂತ್ರ ಆಗಾಗ ತಟ್ಟನೆ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಚಾಲೂ ಆಗುತ್ತಿತ್ತು. ಪಂಪಣ್ಣ ಬಂದು ತನ್ನ ಸ್ಕ್ಯಾನರ್ ಡಬ್ಬಿ ಜೋಡಿಸಿದ. ಅದು ಯಾವ ದೋಷವನ್ನೂ ತೋರಿಸಲಿಲ್ಲ. ಎಂಜಿನ್ ತಿರುಗುವುದನ್ನು ಎಣಿಸುವ ಸೆನ್ಸರ್ ಬಿಚ್ಚಿ ಒರೆಸಿದ, ತಂತಿಗಳನ್ನು ಎಳೆದು ಅಲುಗಿಸಿ ನೋಡಿದ. ಅಂಥ ದೋಷಗಳು ಹಾಗೆಯೇ, ಮೆಕ್ಯಾನಿಕ್ ಎದುರಿಗಿದ್ದಾಗ ತಲೆ ಎತ್ತುವುದಿಲ್ಲ. ಎಂಜಿನ್ ಸಂಜೆಯವರೆಗೂ ತಡೆಯಿಲ್ಲದೆ ಓಡಿತು.

ಉಚ್ಚಮ್ಮ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. "ಏನಣ್ಣ, ನಿನ್ನ ಡಬ್ಬಿ ಇವತ್ತು ಮಾತಾಡ್ಲಿಲ್ಲಲ್ಲ?"

"ಮಷಿನ್ ನನ್ನ ನೋಡಿ ಹೆದರೈತಿ, ತಂಗಿ."

ಆ ಸೆನ್ಸರಿನ ತಂತಿ ಎಂಜಿನ್ನಿನ ಹಿಂಬದಿಯಲ್ಲಿ ಬಿಗಿದಿಡುವ ಒಂದು ಕಬ್ಬಿಣದ ಕ್ಲಾಂಪಿನ ಅಡಿ ಹಾದುಹೋಗಿತ್ತು. ಅದನ್ನು ನೋಡಬೇಕೆಂದರೆ ಅಡ್ಡಲಾಗಿದ್ದ ತಗಡನ್ನು ಬಿಚ್ಚಬೇಕು. ಎಮ್ಮಿಗನೂರಿನಲ್ಲಿ ಇನ್ನೊಂದು ಯಂತ್ರ ಕಾಯುತ್ತಿತ್ತು. "ಈಗೇನೂ ಇಲ್ಲ, ಮತ್ತ ನಿಂತ್ರ ಫೋನ್ ಮಾಡು" ಎಂದು ಗೋವಿಂದನಿಗೆ ಹೇಳಿ ಪಂಪಣ್ಣ ಹೊರಟ.

ಅದೇ ವಾರದಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. ಪಂಪಣ್ಣ ನಂದವರದಲ್ಲಿ ಟಿಪ್ಪರ್ ರಿಪೇರಿ ಮಾಡುತ್ತಿದ್ದ. ಆ ಕಡೆಯಿಂದ ಕೂಲಿಯ ಬಜಾರಪ್ಪ ಕಿರುಚುತ್ತಿದ್ದ. "ಅನ್ನಾ, ತೊಂದರಗಾ ರಾ, ಲಗೂ ಬಾ! ಮಣ್ಣು ಕುಸದೈತಿ. ಉಚ್ಚಮ್ಮ ಒಳಗ ಅದಾಳ. ಮಷಿನ್ ನಿಂತೈತಿ!"

ಅವನು ಹೋಗಿ ಮುಟ್ಟಿದಾಗ ಗಂಡಸರು, ಹೆಂಗಸರು ಎಲ್ಲ ಸಲಿಕೆ, ಬುಟ್ಟಿ, ಬರಿಗೈಯಲ್ಲಿ ಮಣ್ಣು ತೋಡುತ್ತಿದ್ದರು. ನೀರುಂಡ ಎರೆಮಣ್ಣು. ತೋಡಿದಷ್ಟೂ ಮೇಲಿನ ದಂಡೆ ಜಾರಿ ತುಂಬಿಕೊಳ್ಳುತ್ತಿತ್ತು. ಮೊದಲು ಯಂತ್ರದಿಂದ ದಂಡೆಯನ್ನು ಹಿಂದಕ್ಕೆ ಕಡಿಯದೆ ಕೆಳಗೆ ಇಳಿಯುವಂತಿರಲಿಲ್ಲ. ಗೋವಿಂದ ಕ್ಯಾಬಿನ್ನಿನಲ್ಲಿ ಕೂತು ಕೀಲಿ ತಿರುಗಿಸುತ್ತಿದ್ದ. ಎಂಜಿನ್ ಚಾಲೂ ಆಗುತ್ತಿತ್ತು, ಒಂದು ಬಕೆಟ್ ಮಣ್ಣು ಎತ್ತುವಷ್ಟರಲ್ಲಿ ಆರುತ್ತಿತ್ತು.

ಈ ಸಲ ಸ್ಕ್ಯಾನರ್ ಮಾತಾಡಿತು. ತಿರುಗುವುದನ್ನು ಎಣಿಸುವ ಸೆನ್ಸರಿನಿಂದ ಸುದ್ದಿಯೇ ಬರುತ್ತಿಲ್ಲ. ಪಂಪಣ್ಣ ಚೀಲದಲ್ಲಿದ್ದ ಹೊಸ ಸೆನ್ಸರ್ ಹಾಕಿದ. ಎಂಜಿನ್ ಚಾಲೂ ಆಯಿತು. ಕಾಲುವೆಯ ಬದಿಯಿಂದ ಯಾರೋ "ಬಂತು, ಬಂತು" ಎಂದು ಕೂಗಿದರು. ಬಕೆಟ್ ಎರಡನೆಯ ಸಲ ಮೇಲೇಳುವಾಗ ಎಂಜಿನ್ ಮತ್ತೆ ಆರಿತು.

ಆಗ ಪಂಪಣ್ಣನಿಗೆ ಕ್ಲಾಂಪ್ ನೆನಪಾಯಿತು. ತಗಡನ್ನು ಕಿತ್ತೆಸೆದು ನೋಡಿದ. ಕ್ಲಾಂಪಿನಡಿ ತಂತಿ ತಿಕ್ಕಿ ತಿಕ್ಕಿ ಸಿಪ್ಪೆ ಹೋಗಿ, ತಾಮ್ರದ ಎಳೆ ಕಡಿದಿತ್ತು. ಎರಡೂ ತುದಿ ಹೆಣೆದ. ಎಣ್ಣೆ ಕುಡಿದ ಬಿಸಿ ತಂತಿಗೆ ಟೇಪು ಅಂಟಲಿಲ್ಲ, ಯಂತ್ರ ನಡುಗಿದರೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಅವನು ಎಂಜಿನ್ನಿನ ಮೇಲೆ ಬೋರಲು ಬಿದ್ದು, ಬೆರಳುಗಳಿಂದ ಆ ಗಂಟನ್ನು ಒತ್ತಿ ಹಿಡಿದ.

"ಹೊಡಿ ಗೋವಿಂದ! ನಾ ಹಿಡದೀನಿ. ಇನ್ನ ನಿಲ್ಲಂಗಿಲ್ಲ!"

ನಿಲ್ಲಲಿಲ್ಲ. ಗೋವಿಂದ ದಂಡೆ ಕಡಿದು ಕಡಿದು ಆಚೆ ಸುರಿದ. ಕಾದ ಹೊಗೆಕೊಳವೆಗೆ ಪಂಪಣ್ಣನ ಮೊಣಕೈ ತಾಗಿ ಚರ್ಮ ಸುಡುತ್ತಿತ್ತು, ಅವನು ಕೈ ಬಿಡಲಿಲ್ಲ. ಜನ ಕಾಲುವೆಗೆ ಇಳಿದರು. ಮಣ್ಣಿನೊಳಗೆ ಅವಳ ಸೀರೆಯ ಸೆರಗು ಕಂಡಿತು. ಗೋವಿಂದ ಎಂಜಿನ್ ಆರಿಸಿ ಕೆಳಗೆ ಹಾರಿದ. ಬೇಗ ಎತ್ತಿರಿ ಎಂದು ಯಾರೂ ಅನ್ನಲಿಲ್ಲ. ಪಂಪಣ್ಣ ಇಳಿದು ಹೋದಾಗ ಗೋವಿಂದ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಟವೆಲಿನಿಂದ ಅವಳ ಕಣ್ಣಿನ ಮಣ್ಣು ಒರೆಸುತ್ತಿದ್ದ.

"ಮಣ್ಣು ಬಿದ್ದ ಕೂಡಲೇ ಉಸಿರು ನಿಂತಿದೆ. ಯಂತ್ರ ನಿಲ್ಲದೆ ಓಡಿದ್ದರೂ ಉಳಿಯುತ್ತಿರಲಿಲ್ಲ" ಎಂದರು ಆಸ್ಪತ್ರೆಯ ಡಾಕ್ಟರು. ಅದು ನಿಜವೋ, ಉಳಿದವರ ಸಮಾಧಾನಕ್ಕೆ ಆಡಿದ ಮಾತೋ, ಪಂಪಣ್ಣನಿಗೆ ಇವತ್ತಿಗೂ ತಿಳಿಯದು.

ಉಚ್ಚಮ್ಮನ ದಿನಕರ್ಮಗಳೆಲ್ಲ ಮುಗಿದ ಮೇಲೆ ಗೋವಿಂದ ಆದೋನಿಗೆ ಬಂದ. ಪಂಪಣ್ಣನ ಹೆಂಡತಿ ಬಸವಕ್ಕ ಚಾಪೆ ಹಾಸಿದಳು. ಅವನು ಕೂರಲಿಲ್ಲ.

"ಒಂದ ಮಾತು ಕೇಳಾಕ ಬಂದೀನಿ. ನೀ ಮೊದಲ ಬಂದಾಗ ಆ ತಂತಿ ಹಂಗ ಇತ್ತೇನು?"

"ಗೊತ್ತಿಲ್ಲ. ಆ ಕ್ಲಾಂಪ್ ನಾ ಬಿಚ್ಚಲಿಲ್ಲ."

"ಯಾಕ?"

"ಮಷಿನ್ ಓಡತಿತ್ತು. ನಂಗ ಎಮ್ಮಿಗನೂರಿಗೆ ಹೋಗದಿತ್ತು. ಬಿಚ್ಚಲಿಲ್ಲ, ಗೋವಿಂದ."

ಬಸವಕ್ಕ ನಡುವೆ ಬಂದಳು. "ಡಾಕ್ಟರ್ ಹೇಳ್ಯಾರಲ್ಲಣ್ಣ, ಆಕಿ ಆಗಲೇ..."

ಗೋವಿಂದ ಕೈ ಅಡ್ಡ ಹಿಡಿದ. "ಬಿಚ್ಚಿ ನೋಡಿದ್ದೆ, ಚಲೋ ಇತ್ತು ಅನ್ನಬಾರದಿತ್ತೇನು? ನಂಬತಿದ್ದೆ ನಾ. ಗೆಳೆಯ ಅಂಬಾಂವ ಒಬ್ಬಾದ್ರೂ ನಂಗ ಉಳೀತಿದ್ದ."

ಗೋವಿಂದ ಚಪ್ಪಲಿ ಮೆಟ್ಟಿ ಹೋದ.

ಗೋವಿಂದ ಮತ್ತೆ ಯಂತ್ರ ಹತ್ತಲಿಲ್ಲ. ಮಗಳು ಚಂದನಾಳನ್ನು ಹಾಸ್ಟೆಲಿಗೆ ಸೇರಿಸಿ, ಉಚ್ಚಮ್ಮನ ತವರಿನಲ್ಲಿ ಮಾವನ ಕುರಿ ಕಾಯುತ್ತಾನೆ. ಪಂಪಣ್ಣ ಕಸುಬು ಬಿಡಲಿಲ್ಲ, ಬೇರೆ ಕೆಲಸ ಅವನಿಗೆ ಬಾರದು. ಈಗ ಅವನು ಎಲ್ಲಿ ಹೋದರೂ ತಂತಿಯ ಉದ್ದಕ್ಕೂ ಇರುವ ಕ್ಲಾಂಪುಗಳನ್ನೆಲ್ಲ ಬಿಚ್ಚಿ ನೋಡುತ್ತಾನೆ. ಯಂತ್ರದ ಮಾಲೀಕರು ಬೈಯುತ್ತಾರೆ, ಕೆಲವರು ಕರೆಯುವುದನ್ನೇ ಬಿಟ್ಟಿದ್ದಾರೆ. ಬಸವಕ್ಕ ಕೇಳಿದರೆ "ಬಿಚ್ಚಲಿಲ್ಲಂದ್ರ ನಿದ್ದಿ ಹತ್ತಂಗಿಲ್ಲ" ಎನ್ನುತ್ತಾನೆ. ಬಿಚ್ಚಿ ನೋಡಿದ ದಿನವೂ ಅವನಿಗೆ ನಿದ್ದೆ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತು.

ಈ ಬೇಸಿಗೆಯಲ್ಲಿ ಆದೋನಿಯ ಸಂತೆಯಲ್ಲಿ ಇಬ್ಬರೂ ಎದುರಾದರು. ಗೋವಿಂದ ಟಗರು ಮಾರಲು ಬಂದಿದ್ದ. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ.

"ಬಸವಕ್ಕ ಆರಾಮ ಅದಾಳೇನು?"

"ಅದಾಳ. ಚಂದನಾ?"

"ಓದತಾಳ."

ಇಬ್ಬರೂ ಟಗರುಗಳನ್ನು ನೋಡುತ್ತ ನಿಂತರು. ಯಾರೋ ತೆಲುಗಿನಲ್ಲಿ ದರ ಕೇಳಿದರು. ಗೋವಿಂದ ಹಗ್ಗ ಎಳೆದುಕೊಂಡು ಆ ಕಡೆ ನಡೆದ, ತಿರುಗಿ ನೋಡಲಿಲ್ಲ. ಪಂಪಣ್ಣ ಬಿಸಿಲಿನಲ್ಲೇ ನಿಂತಿದ್ದ. ಹಿಂದಿನಿಂದ ಗಾಡಿಯವನು "ಸರೀರಿ" ಎಂದು ಕೂಗಿದ ಮೇಲೆ ದಾರಿ ಬಿಟ್ಟ.