ಔಷಧಿ ಎನ್ನದ ಆಯಾ

೨೦೦೪ರ ಒಂದು ಮುಂಜಾನೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಕೂಲಿಯವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆಯ ಬಾಗಿಲಿಗೆ ಆಯಾ ವಿಮಲಮ್ಮ ಅಡ್ಡ ನಿಂತಿದ್ದಾರೆ. ಎದುರಿಗೆ ಮಗುವನ್ನು ಎದೆಗವಚಿಕೊಂಡ ಶಾಂತಕುಮಾರಿ. ಸೀರೆಯ ಮೇಲೆ ಗಂಡನ ಹಳೇ ಅಂಗಿ. ನಿನ್ನೆ ಕಾಫಿ ಗಿಡಕ್ಕೆ ಔಷಧಿ ಹಚ್ಚುವಾಗ ತೊಟ್ಟಿದ್ದೂ ಅದನ್ನೇ.

"ಆ ಅಂಗಿ ಬಿಚ್ಚಿ ಬೇಲಿ ಮೇಲೆ ಹಾಕು. ಸೋಪು ಹಚ್ಚಿ ಕೈ ತೊಳಿ. ಆಮೇಲೆ ಹಾಲು ಕೊಡು."

"ಔಷಧಿ ಅಲ್ವಾ ಅಕ್ಕಾ, ಏನಾಗತ್ತೆ?"

"ಔಷಧಿ ಅಲ್ಲ ಮಾರಾಯ್ತಿ, ವಿಷ ಅನ್ನು!"

ಕಾಂಡಕೊರಕ ಹುಳ ಸಾಯಲೆಂದು ಗಿಡಕ್ಕೆ ಬಳಿಯುವ ದ್ರಾವಣ ಅದು. ಮಾಲೀಕರಿಂದ ಹಿಡಿದು ಮೇಸ್ತ್ರಿವರೆಗೆ ಎಲ್ಲರ ಬಾಯಲ್ಲೂ ಔಷಧಿಯೇ. ಯಾವ ಪುಣ್ಯಾತ್ಮ ಆ ಹೆಸರಿಟ್ಟನೋ! ಓದು ಬಾರದ ವಿಮಲಮ್ಮ ಆ ಮಾತನ್ನು ನಂಬಿದರು. ೧೯೯೧ರಲ್ಲಿ ಮಗಳು ಭುವನಾಗೆ ಎರಡು ವರ್ಷವೂ ತುಂಬಿರಲಿಲ್ಲ, ತಲೆ ತುಂಬ ಹೇನು.

"ಗಿಡದ ಹುಳ ಸಾಯತ್ತೆ, ಹೇನು ಸಾಯಲ್ವಾ ಅಂದ್ಕೊಂಡೆ. ಮತ್ತೆ ಮತ್ತೆ ಹಚ್ಚಿದೆ. ಔಷಧಿ ಅಂತಿದ್ರಲ್ಲ ಎಲ್ಲಾರೂ."

ಆ ಮಳೆಗಾಲದಲ್ಲೇ ಮಗುವಿಗೆ ಫಿಟ್ಸ್ ಶುರುವಾಯಿತು, ಇಂದಿಗೂ ಬಿಟ್ಟಿಲ್ಲ. ಈಗ ಹದಿನಾಲ್ಕರ ಭುವನಾ ಶಾಲೆ ಬಿಟ್ಟು ಕೂಸಿನ ಮನೆಯ ಮೂಲೆಯಲ್ಲಿ ಮಕ್ಕಳ ಬಟ್ಟೆ ಮಡಚುತ್ತಾಳೆ. ಎಷ್ಟೋ ಸಲ ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಾಳೆ. ಎಳೆಯ ಮಿದುಳಿಗೆ ತಗುಲಿದ ವಿಷದ ಪೆಟ್ಟು ಜೀವನಪೂರ್ತಿ ಉಳಿಯಬಹುದು, ಆದರೆ ಇವಳಿಗೆ ಅದರಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲಾರೆ ಎನ್ನುತ್ತಾರೆ ಚಿಕ್ಕಮಗಳೂರಿನ ವೈದ್ಯರು.

"ಡಾಕ್ಟ್ರಿಗೆ ಗೊತ್ತಿಲ್ದೆ ಇರಬಹುದು. ಹಚ್ಚಿದ ಕೈ ನಂದು" ಎನ್ನುತ್ತಾರೆ ವಿಮಲಮ್ಮ.

ಖಾಲಿ ಔಷಧಿ ಡಬ್ಬ ಕಣ್ಣಿಗೆ ಬಿದ್ದರೆ ಅವರು ಕತ್ತಿಯಿಂದ ತೂತು ಹೊಡೆಯುತ್ತಾರೆ. ಇಲ್ಲದಿದ್ದರೆ ಅದು ಯಾರದೋ ಬಚ್ಚಲಿನಲ್ಲಿ ಮಗುವಿನ ಸ್ನಾನದ ನೀರು ತುಂಬಿಕೊಂಡು ಕೂರುತ್ತದೆ. ಒಳ್ಳೇ ಡಬ್ಬ ಹಾಳು ಮಾಡ್ತೀಯಾ ಎಂದು ಕೂಲಿ ಲೈನ್‌ಮನೆಗಳ ಹೆಂಗಸರು ಬೈಯುತ್ತಾರೆ. ಹತ್ತಿರದಲ್ಲಿ ಸಿಂಪಡಣೆಯಿದ್ದ ದಿನ ಮಕ್ಕಳನ್ನೆಲ್ಲ ದೂರದ ಕಾಫಿ ಕಣಕ್ಕೆ ಎಬ್ಬಿಸಿಕೊಂಡು ಹೋಗುತ್ತಾರೆ. ಮೇಸ್ತ್ರಿ ಗುರುವಯ್ಯ ಇಟ್ಟ ಅಡ್ಡಹೆಸರು 'ವಿಷಮ್ಮ'. ಈಗ ಎಸ್ಟೇಟಿಗೆಲ್ಲ ಅದೇ ಹೆಸರು.

"ಕರೀಲಿ ಬಿಡಿ. ಹಂಗಾದ್ರೂ ಆ ಮಾತು ಬಾಯಲ್ಲಿ ಬರ್ತದಲ್ಲ."

ಶಾಂತಕುಮಾರಿ ಗೊಣಗುತ್ತಲೇ ಕೈ ತೊಳೆದು ಬಂದು ಹಾಲು ಕೊಡುತ್ತಾಳೆ. ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ ನಾನು ನಿಮಗೇನು ಬೇಕು ಎಂದು ಕೇಳಿದಾಗ ವಿಮಲಮ್ಮ ಮೂಲೆಯಲ್ಲಿದ್ದ ಭುವನಾಳ ಕಡೆ ನೋಡುತ್ತಾರೆ.

"ಈ ಮಕ್ಕಳು ದೊಡ್ಡವಾದ ಮೇಲೆ ಆಯಾ ಸುಮ್ಸುಮ್ನೆ ಕಾಟ ಕೊಡ್ತಿದ್ಲು ಅಂತ ನನ್ನ ಬೈಬೇಕು. ಬೈಯೋವಷ್ಟು ಗಟ್ಟಿಯಾಗಿದ್ರೆ ಸಾಕು."