ಗುರುಬಸವ್ವ ಅಳಿಯನಿಗೆ ಕೊಟ್ಟ ಬೂಟು

ರಬಕವಿಯಲ್ಲಿ ಕೈಮಗ್ಗ ನೇಯುವ ಗುರುಬಸವ್ವ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ನೂಲಿನ ಕಟ್ಟನ್ನು ಅಂಗಡಿಯಲ್ಲೇ ಬಿಚ್ಚಿಸಿ, ಎಳೆ ಜಗ್ಗಿ ನೋಡಿ ತರುವವಳು. ಮಗಳ ನಿಶ್ಚಯದ ಹೊತ್ತಿಗೆ ಅಳಿಯನಿಗೆಂದು ಬೂಟು ತಂದಿಟ್ಟಿದ್ದಳು. ಮದುವೆ ಎರಡು ವರ್ಷ ಮುಂದೆ ಹೋಯಿತು. ಈಗ ತೆಗೆದು ನೋಡಿದರೆ ಸೋಲ್ ಕೈಯಲ್ಲೇ ಪುಡಿಯಾಯಿತು.

ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದ ಬೂಟನ್ನೂ ಹಿಡಿದು, ಅದನ್ನು ಮಾರಿದ ಪ್ರಭುಲಿಂಗನ ಅಂಗಡಿಗೆ ಹೋದಳು.

"ಹಳೇ ಮಾಲು ದಾಟಿಸೀಯಲ್ಲೋ! ನಾಳೆ ಹುನ್ನೂರ ಬೀಗರು ಬರತಾರ. ಇದನ್ನ ಕೊಟ್ಟರ ನನ್ನ ಮಗಳಿಗೆ ಆ ಮನ್ಯಾಗ ಏನು ಮರ್ಯಾದಿ ಉಳಿತೈತಿ?"

"ಎಲ್ಲಿ ಇಟ್ಟಿದ್ದೆವ್ವಾ?"

"ಮಗ್ಗದ ಮನ್ಯಾಗ. ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ. ಒಂದಿನಾನೂ ಮೆಟ್ಟಿಲ್ಲ."

ಪ್ರಭುಲಿಂಗನ ಮಗಳು ಐಶ್ವರ್ಯ ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಅಂಗಡಿಯಲ್ಲೇ ಇದ್ದ ಅವಳು ಕೇಳಿದಳು, "ಅಲ್ಲಿ ನೆಲಕ್ಕ ದಿನಾ ನೀರು ಹೊಡೀತೀರಲ್ಲ, ಅತ್ತಿ?"

"ಹೊಡೀಲಿಲ್ಲಂದ್ರ ಎಳಿ ಹರೀತಾವ."

ಐಶ್ವರ್ಯ ಬಿಡಿಸಿ ಹೇಳಿದಳು. ಈ ಸೋಲ್ ಪಾಲಿಯುರೆಥೇನ್‌ನದು. ಅದರ ಅಣುಗಳು ಉದ್ದನೆಯ ಸರಪಳಿಗಳು. ಸರಪಳಿಯ ಮೆದು ಭಾಗಗಳಿಂದ ಸೋಲ್ ಬಾಗುತ್ತದೆ. ಗಟ್ಟಿ ಭಾಗಗಳು ಒಂದನ್ನೊಂದು ಹಿಡಿದುಕೊಂಡು ಆಕಾರ ಉಳಿಸುತ್ತವೆ. ಈ ಬೂಟಿನಲ್ಲಿ ಮೆದು ಭಾಗದ ಕೊಂಡಿ ಎಸ್ಟರ್ ಎಂಬ ಬಗೆಯದು. ಚೀಲದೊಳಗೆ ಸಿಕ್ಕಿಕೊಂಡ ತೇವ ಅದನ್ನು ನಿಧಾನವಾಗಿ ಕತ್ತರಿಸುತ್ತದೆ. ಸರಪಳಿ ತುಂಡಾದರೆ ಸೋಲ್ ಪುಡಿಯಾಗುತ್ತದೆ. ಅದೇ ಪಾಲಿಯುರೆಥೇನ್‌ನಲ್ಲಿ ಈಥರ್ ಎಂಬ ಇನ್ನೊಂದು ಬಗೆಯ ಕೊಂಡಿ ಇದ್ದರೆ ತೇವಕ್ಕೆ ಅಷ್ಟು ಬೇಗ ಸೋಲುವುದಿಲ್ಲ.

"ಹೆಸರು ಒಂದ, ಒಳಗ ಬ್ಯಾರೆ ಅಂತೀ. ಅಪ್ಪನ್ನ ಉಳಸಾಕ ಛಲೋ ಕತಿ ಕಟ್ಟೀಯವ್ವಾ!"

"ಕತಿ ಕಟ್ಟಾಕ ಬರತಿದ್ದರ ಇಕಿ ಪರೀಕ್ಷಾದಾಗ ಇನ್ನಷ್ಟು ಮಾರ್ಕ್ಸ್ ತಗೋತಿದ್ಲು ಬಿಡು," ಎಂದ ಪ್ರಭುಲಿಂಗ. ಮೇಲಿನ ಒಣ ಹಲಗೆಯಿಂದ ಅವಳ ಬೂಟಿನ ಜೊತೆಗೇ ಬಂದು ಮಾರಾಟವಾಗದೆ ಉಳಿದ ಜೋಡಿಯನ್ನು ಇಳಿಸಿದ. ಗುರುಬಸವ್ವ ತನ್ನ ಬೂಟಿನಲ್ಲಿ ಉಳಿದ ಸೋಲ್‌ನ ಅಚ್ಚನ್ನು ಅದರ ಅಚ್ಚಿಗೆ ಹೋಲಿಸಿದಳು. ಒಂದೇ ಇತ್ತು. ಅಂಗಡಿಯದನ್ನು ಬಲವಾಗಿ ಮಡಚಿದಳು. ಅದು ಚಿಮ್ಮಿ ನೆಟ್ಟಗಾಯಿತು.

ಸೆರಗಿನ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ನನ್ನ ನೂಲು ಕಾಯೋ ನೀರ ಇದನ್ನ ತಿಂತು ಅಂತೀಯೇನು?" ಎಂದಳು ಕೊನೆಗೆ.

"ಹೌದ್ರಿ ಅತ್ತಿ."

ಗುರುಬಸವ್ವ ತಪ್ಪಾಯಿತು ಎನ್ನಲಿಲ್ಲ. ಐಶ್ವರ್ಯ ಆರಿಸಿಕೊಟ್ಟ ಈಥರ್ ಸೋಲಿನ ಜೋಡಿಯನ್ನು ಮೂಸಿ, ಒತ್ತಿ ನೋಡಿ ಒಯ್ದಳು.

ಮರುದಿನ ಬೀಗರ ಜೊತೆ ಬಂದ ಅಳಿಯ ಚಿದಾನಂದ ಅವಳು ಕೊಟ್ಟ ಬೂಟಿನ ಪೆಟ್ಟಿಗೆಯನ್ನು ಮದುವೆಗೆಂದು ಎತ್ತಿಡಲು ಹೋದ. ಗುರುಬಸವ್ವ ಬೀಗರೆದುರೇ ತಡೆದಳು.

"ಎತ್ತಿಡಬ್ಯಾಡ್ರಿ. ಈಗ ಹಾಕ್ಕೊಂಡು ನಡೀರಿ."

ಬೀಗರು ನಗುತ್ತಿದ್ದರು. ಅವನು ನಾಚುತ್ತ ಅಂಗಳದಲ್ಲಿ ಒಂದು ಸುತ್ತು ಬಂದ. ಅವಳು ಬಗ್ಗಿ, ಅವನು ಕಾಲಿಟ್ಟಲ್ಲೆಲ್ಲ ಪುಡಿ ಬಿದ್ದಿದೆಯೇ ಎಂದು ನೋಡಿದಳು. ಏನೂ ಇರಲಿಲ್ಲ.

"ಇನ್ನೊಂದು ಸುತ್ತು ಬರ್ರಿ," ಎಂದಳು.