ಮುನಿಗಂಗಮ್ಮನ ಕದ್ದ ದಾಸವಾಳ

ಮುಳಬಾಗಿಲಿನ ಮುನಿಗಂಗಮ್ಮ ಪರರ ಮನೆಯ ಒಂದು ಹಸಿಮೆಣಸಿನಕಾಯಿಯನ್ನೂ ಮುಟ್ಟಿದವಳಲ್ಲ. ಗಿಡದ ಕಡ್ಡಿಯ ಮಾತು ಬೇರೆ. ಕೇಳಿ ತಂದ ಕಡ್ಡಿ ಒಣಗುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಎಂದು ಅವಳ ಅಜ್ಜಿ ಹೇಳಿದ್ದಳು. ಆ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಗಂಡ ಕದಿರಪ್ಪ ಅವಳಿಗೆ ಸೋದರಮಾವನೇ. ಅವನ ಜಟಕಾ ಶ್ರೀನಿವಾಸಪುರಕ್ಕೋ ತಾಯಲೂರಿಗೋ ಬಾಡಿಗೆಗೆ ಹೊರಟರೆ ಇವಳೂ ಹತ್ತಿ ಕೂರುವಳು. ಬರುವಾಗ ಸೆರಗಿನೊಳಗೆ ಏನಾದರೂ ಹಸಿರು ಇದ್ದೇ ಇರುತ್ತಿತ್ತು. ಜಗಲಿಯ ಮೇಲಿನ ಹದಿಮೂರು ಕುಂಡಗಳಲ್ಲಿ ನ್ಯಾಯವಾಗಿ ಬಂದದ್ದು ತುಳಸಿ ಒಂದೇ.

ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ಆ ವರ್ಷ ಪಕ್ಕದ ಬೀದಿಯ ಕೋದಂಡರಾಮಪ್ಪ ಮೇಷ್ಟ್ರ ಜಗಲಿಗೆ ಮಂಗಳೂರ ಕಡೆಯಿಂದ ಒಂದು ದಾಸವಾಳ ಬಂತು. ಮಾವಿನಹಣ್ಣಿನ ಬಣ್ಣ, ಮುಷ್ಟಿಗಾತ್ರದ ಹೂವು, ಚಳಿ ತಾಗಿದರೆ ಸುರುಟಿಕೊಳ್ಳುವ ನಾಜೂಕು ಜಾತಿ. ಅದನ್ನು ಕಂಡ ದಿನದಿಂದ ಮುನಿಗಂಗಮ್ಮನಿಗೆ ಊಟ ಸೇರಲಿಲ್ಲ.

ತೊಂದರೆ ಏನೆಂದರೆ, ಮೇಷ್ಟ್ರು ಬಲು ಉದಾರಿ. "ತಗೊಳ್ಳಿ ಮುನಿಗಂಗಮ್ಮ, ನಾಚ್ಕೋಬೇಡಿ," ಎಂದು ತಾವೇ ತುದಿ ಮುರಿದು ಕೈಗಿತ್ತರು. ಒಣಗಿತು. ಇನ್ನೊಂದು ಕೊಟ್ಟರು. ಅದೂ ಒಣಗಿತು. ಒಣಗದೆ ಏನು ಮಾಡೀತು, ಕೊಟ್ಟದ್ದಲ್ಲವೇ! ಕದಿಯೋಣವೆಂದರೆ, ಪಿಂಚಣಿ ಬಂದ ಮೇಲೆ ಆ ಮನುಷ್ಯ ಜಗಲಿ ಬಿಟ್ಟು ಏಳುತ್ತಲೇ ಇರಲಿಲ್ಲ.

"ಮಾವ, ನೀನು ಹೋಗಿ ಅವರನ್ನ ಮಾತಿಗೆಳಿ. ನಾನು ಹಿಂದಿಂದ ಬರ್ತೀನಿ," ಎಂದಳು ಗಂಡನಿಗೆ.

"ನನಗೆ ಸುಳ್ಳು ಬರಲ್ಲ ಕಣೇ."

"ಸುಳ್ಳು ಯಾರು ಹೇಳು ಅಂದ್ರು? ಯುದ್ಧದ ವಿಷಯ ಕೇಳು."

ಅವಳು ಹೋಗುವಷ್ಟರಲ್ಲಿ ಇಬ್ಬರೂ ಅದೇನೋ ನಗುತ್ತ ಕೂತಿದ್ದರು. ಮೇಷ್ಟ್ರು ಇವಳನ್ನು ಕಂಡದ್ದೇ ಎದ್ದರು. "ಮಜ್ಜಿಗೆ ತರ್ತೀನಿ ಇರಿ," ಎಂದು ಒಳಗೆ ಹೋದವರು ಮೊಸರು ಕಡೆದು ತರುವಷ್ಟು ಹೊತ್ತು ಮಾಡಿದರು. ಬರುವ ಮುಂಚೆ ಬಾಗಿಲ ಹಿಂದೆ ಎರಡು ಸಲ ಜೋರಾಗಿ ಕೆಮ್ಮಿದರು. ಅಷ್ಟರಲ್ಲಿ ಬೆರಳು ದಪ್ಪದ ಕಡ್ಡಿ ಸೆರಗು ಸೇರಿತ್ತು.

ಅದು ಚಿಗುರಿತು! ಮಾಗಿ ಬಂದಾಗ ಮುನಿಗಂಗಮ್ಮ ಗಂಡನ ರುಮಾಲನ್ನೇ ಬಿಚ್ಚಿ ಗಿಡಕ್ಕೆ ಸುತ್ತಿದಳು. ಕದಿರಪ್ಪ ಬರಿತಲೆಯಲ್ಲೇ ಕೋಲಾರದವರೆಗೆ ಜಟಕಾ ಹೊಡೆದ. ದಾರಿಯಲ್ಲಿ ಕಂಡವರೆಲ್ಲ, ಮನೆಯಲ್ಲಿ ಯಾರು ಹೋದರಪ್ಪಾ ಎಂದು ವಿಚಾರಿಸಿದರು. ಶಿವರಾತ್ರಿಯ ಹೊತ್ತಿಗೆ ಮೊದಲ ಹೂವು ಬಿಟ್ಟಿತು.

ನೋಡಲು ಮೇಷ್ಟ್ರೇ ಬಂದರು. "ಎಲ್ಲಿಂದ ತಂದ್ರಿ?"

"ಶಿವಾರಪಟ್ಟಣದಿಂದ ಸ್ವಾಮಿ, ವಿಗ್ರಹ ಕೆತ್ತೋರ ಮನೇಲಿತ್ತು," ಎಂದಳು ಕಣ್ಣು ಮಿಟುಕಿಸದೆ.

"ನಮ್ಮದು ಚಳಿಗೆ ಸತ್ತೇ ಹೋಯ್ತು," ಎಂದು ಮೇಷ್ಟ್ರು ಹೂವನ್ನು ಮೆಲ್ಲಗೆ ಮುಟ್ಟಿ ನೋಡಿದರು. ಆಮೇಲೆ, "ಮುನಿಗಂಗಮ್ಮ, ಒಂದು ಲೋಟ ಮಜ್ಜಿಗೆ ಸಿಗುತ್ತಾ?" ಎಂದರು.

ಒಳಗೆ ಮಡಕೆಗೆ ಕೈ ಹಾಕಿದಾಗ ಅವಳಿಗೆ ಹೊಳೆಯಿತು. ಆ ದಿನದ ನಗು, ಆ ಮಜ್ಜಿಗೆ, ಆ ಕೆಮ್ಮು! ಒಲೆಯ ಮುಂದೆ ಕೂತಿದ್ದ ಗಂಡನತ್ತ ತಿರುಗಿದಳು.

"ಹೇಳ್ಬಿಟ್ಟಿದ್ದೆಯಾ ಮಾವ?"

"ಯುದ್ಧದ ವಿಷಯ ಕೇಳೋಕೇ ಹೋದೆ ಕಣೇ. ಬಾಯಿಗೆ ಅದೇ ಬಂತು."

ಹಾಗಾದರೆ ಅದೂ ಕೊಟ್ಟದ್ದೇ! ಕೊಟ್ಟದ್ದೇ ಚಿಗುರಿತ್ತು! ಅವಳಿಗೆ ಅಜ್ಜಿಯ ಮೇಲೂ ಗಂಡನ ಮೇಲೂ ಒಟ್ಟಿಗೆ ಕೋಪ ಬಂತು; ಮೇಷ್ಟ್ರ ಮೇಲೆ ಮಾತ್ರ ಬರಲಿಲ್ಲ. ಬೇಕೆಂದೇ ತಡಮಾಡಿ, ಎರಡು ಸಲ ಕೆಮ್ಮಿ ಹೊರಗೆ ಬಂದಳು. ಮೇಷ್ಟ್ರು ಒಂದು ಕೈಯನ್ನು ಶಲ್ಯದೊಳಗೇ ಇಟ್ಟುಕೊಂಡು ಮಜ್ಜಿಗೆ ಕುಡಿದು ಹೋದರು.

ಮುನಿಗಂಗಮ್ಮ ಗಿಡ ನೋಡಿದಳು. ಮುರಿದದ್ದು ತುದಿಯ ಎಳೆ ಚಿಗುರು. ಏಳು ಜನ್ಮ ಕಾದರೂ ಬೇರು ಬಿಡದು.

"ಅಯ್ಯೋ, ಇವರಿಗೆ ಕದಿಯೋಕೂ ಬರಲ್ಲ!"

ಮರುದಿನ ಮೇಷ್ಟ್ರು ಅಪರೂಪಕ್ಕೆ ಜಗಲಿ ಬಿಟ್ಟು ಸಂತೆಗೆ ಹೋದ ಹೊತ್ತು ನೋಡಿ, ಅವರ ಕುಂಡದಲ್ಲಿ ಬಾಡಿ ನಿಂತಿದ್ದ ಚಿಗುರನ್ನು ಕಿತ್ತು, ತನ್ನ ಗಿಡದ ಬೆರಳು ದಪ್ಪದ ಕಡ್ಡಿ ನೆಟ್ಟು ಬಂದಳು. ತಾನು ಕೊಟ್ಟದ್ದೆಂದು ಯಾರಿಗೂ ಹೇಳಲಿಲ್ಲ, ಹೇಳಿದರೆ ಎಲ್ಲಿ ಒಣಗೀತೋ ಎಂಬ ಭಯ. ಗಂಡನಿಗಂತೂ ಹೇಳಲೇ ಇಲ್ಲ.